ಸಹಾಯ ಬೇಕು: ಡಯಾಲಿಸಿಸ್‌ನಲ್ಲಿರುವ ಅಮ್ಮನಿಗೆ ಓದಲು ಬೈಬಲ್ ಭಾಗಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಡಯಾಲಿಸಿಸ್ ನಡೆಯುತ್ತಿದೆ. ಕಣ್ಣು ಮಂಜಾಗಿದೆ, ಹಾಗಾಗಿ ಬೈಬಲ್ ನಾನೇ ಓದಿ ಹೇಳುತ್ತೇನೆ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಯಾವಾಗಲೂ ಸಂತೋಷಪಡಿ ಅನ್ನುವ ಮಾತು ಬಂದಾಗ, "ಇಷ್ಟು ನೋವಲ್ಲಿ ಹೇಗಮ್ಮಾ?" ಎಂದರು. ಪೌಲ ಅದನ್ನು ಸೆರೆಯಲ್ಲಿದ್ದೇ ಬರೆದದ್ದು ಎಂದೆ. "ಇನ್ನೊಮ್ಮೆ ಓದು" ಎಂದರು.

ಅಳುವುದಕ್ಕೂ ಜಾಗ ಕೊಡುವ ಭಾಗಗಳೇ ಅವರಿಗೆ ಹಿಡಿಸುತ್ತವೆ. 13ನೇ ಕೀರ್ತನೆ ದೂರಿನಿಂದ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ ಅಲ್ವಾ, ಅದು ಜಾಸ್ತಿ ಇಷ್ಟ. ಪ್ರವಾದಿ ಹಬಕ್ಕೂಕನ ಪುಸ್ತಕದ 3ನೇ ಅಧ್ಯಾಯವೂ ಅಷ್ಟೇ: ಅಂಜೂರ ಚಿಗುರದಿದ್ದರೂ, ಕೊಟ್ಟಿಗೆ ಬರಿದಾದರೂ ದೇವರಲ್ಲಿ ಆನಂದಪಡುತ್ತೇನೆ ಅನ್ನುತ್ತಾನೆ.

ಸುಮ್ನೆ 'ಎಲ್ಲ ಸರಿಹೋಗುತ್ತೆ' ಅನ್ನುವ ಮಾತು ಬೇಡ. ದೀರ್ಘ ಕಾಯಿಲೆ ಕಂಡವರು, ನಿಮಗೆ ಆಸರೆಯಾದ ವಚನಗಳನ್ನು ದಯವಿಟ್ಟು ತಿಳಿಸಿ. ನಿಧಾನವಾಗಿ ಓದುವ ಕನ್ನಡ ಆಡಿಯೋ ಬೈಬಲ್ ಗೊತ್ತಿದ್ದರೆ ಅದನ್ನೂ ಹೇಳಿ. ಚಿಕಿತ್ಸೆಗೆ ಗಂಟೆಗಟ್ಟಲೆ ಮಲಗಿರುವಾಗ ಕೇಳಿಸಬೇಕು.