ಬೇಸ್‌ಬಾಲ್ ಸ್ಟೇಡಿಯಂನಲ್ಲಿ ಅಜ್ಜಿಯ ಚೌಕಾಬಾರ

ಎಲ್ಲರಿಗೂ ನಮಸ್ಕಾರ. ಊರಿಂದ ಅಜ್ಜಿ ತಾತ ಬಂದರೂ ಮಕ್ಕಳು ಇಂಗ್ಲಿಷಲ್ಲೇ ಉತ್ತರ ಕೊಡ್ತಾರೆ, ಏನು ಮಾಡೋದು ಅಂತ ಇಲ್ಲಿ ಒಬ್ಬರು ಕೇಳಿದ್ದರು. ನಮ್ಮ ಮನೆಯಲ್ಲೂ ಅದೇ ಪಾಡಾಗಿತ್ತು. ಅದು ಬದಲಾಗಿದ್ದು ಒಂದು ಬೇಸ್‌ಬಾಲ್ ಮ್ಯಾಚಿನಲ್ಲಿ.

ಮೈಸೂರಿಂದ ಅಪ್ಪ ಅಮ್ಮ ಬಂದಿದ್ದರು. ನಾವು, ಜೊತೆಗೆ ಸ್ನೇಹಿತರ ಎರಡು ಮನೆಯವರು, ಸನ್ನಿವೇಲ್‌ನಲ್ಲಿ ಕ್ಯಾಲ್‌ಟ್ರೇನ್ ಅನ್ನೋ ಲೋಕಲ್ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದ ಒರಾಕಲ್ ಪಾರ್ಕ್‌ಗೆ ಹೋದೆವು. ಜೈಂಟ್ಸ್ ತಂಡ 2000ದಿಂದ ಆಡುತ್ತಿರುವ ಮೈದಾನ ಅದು. ಬಲಗಡೆ ಗೋಡೆಯ ಆಚೆಗೇ ನೀರು. ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ ಚೆಂಡು ನೀರಿಗೆ ಬಿದ್ದರೆ ಹಿಡಿಯೋಣ ಅಂತ ಜನ ಪುಟ್ಟ ದೋಣಿಗಳಲ್ಲಿ ಕಾಯುತ್ತಿರುತ್ತಾರೆ. ಆ ಗೋಡೆ 24 ಅಡಿ ಎತ್ತರ. ಜೈಂಟ್ಸ್‌ನ ಹಳೆಯ ದಿಗ್ಗಜ ಆಟಗಾರ ವಿಲ್ಲಿ ಮೇಸ್ ಅವರ ಜೆರ್ಸಿ ನಂಬರ್ 24, ಅವರ ಗೌರವಕ್ಕೆ ಅಷ್ಟೇ ಕಟ್ಟಿದ್ದಾರೆ. ಇದನ್ನೆಲ್ಲ ತಾತನಿಗೆ ಹೇಳಿದ್ದು ನಮ್ಮ ಒಂಬತ್ತು ವರ್ಷದ ಮಗಳು. ಶುರುವಿನಲ್ಲಿ ಇಂಗ್ಲಿಷಲ್ಲೇ.

ಅಪ್ಪ ಕ್ರಿಕೆಟ್ ಹುಚ್ಚಿನವರು. ಬ್ಯಾಟಿನ ಹಿಂದಕ್ಕೆ ಹೋದ ಚೆಂಡು ಫೌಲ್ ಅಂತ ಗೊತ್ತಾದಾಗ ಅವರಿಗೆ ನಿಜಕ್ಕೂ ಬೇಜಾರಾಯಿತು. "ಹಾಗಾದ್ರೆ ವಿಶ್ವನಾಥ್ ಸ್ಕ್ವೇರ್ ಕಟ್ ಹೊಡೆದಿದ್ರೂ ಒಂದು ರನ್ನೂ ಇಲ್ವಾ?" ಅಂದರು. ಅಮ್ಮ ಮಾತ್ರ ಸುಮ್ನೆ ಶಾಲು ಹೊದ್ದು ಕೂತಿದ್ದರು. ಅಲ್ಲಿ ಬೇಸಿಗೆಯಲ್ಲೂ ಚಳಿಗಾಳಿ, ಹೋಗುವವರು ಸ್ವೆಟರ್ ಮರೆಯಬೇಡಿ.

ಮೂರನೇ ಇನ್ನಿಂಗ್ಸ್ ಇರಬೇಕು. ಯಾರೂ ಚೆಂಡು ಹೊಡೆಯದೇ ಇದ್ದರೂ ಒಬ್ಬ ಆಟಗಾರ ಎರಡನೇ ಬೇಸ್‌ಗೆ, ಅಂದರೆ ಓಡುವವರು ನಿಲ್ಲುವ ಎರಡನೇ ಗುರುತಿಗೆ, ನುಗ್ಗಿದ. ಮಗಳು ಕಿರುಚಿದಳು: "ಅಜ್ಜಿ, ಅವನು ಬೇಸ್ ಕದ್ದ!"

"ಏನು ಕದ್ದ? ಪೊಲೀಸರು ಹಿಡಿಯಲ್ವಾ?"

ಈಗ ಮಗಳಿಗೆ ಬೇರೆ ದಾರಿ ಇರಲಿಲ್ಲ. ಅಜ್ಜಿಗೆ ಅರ್ಥ ಆಗಬೇಕು ಅಂದರೆ ಕನ್ನಡದಲ್ಲೇ ಹೇಳಬೇಕು. ತಡವರಿಸುತ್ತಾ, ಕೈಯಲ್ಲಿ ತೋರಿಸುತ್ತಾ ಹೇಳಿದಳು. ಬೇಸ್ ಮೇಲೆ ನಿಂತವನನ್ನ ಔಟ್ ಮಾಡಕ್ಕಾಗಲ್ಲ. ಬಿಟ್ಟರೆ ಮಾಡಬಹುದು. ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ವಾಪಸ್ ಬರಬೇಕು, ಅದಕ್ಕೆ ಹೋಮ್ ಅಂತಾರೆ.

ಅಮ್ಮ ನೆಟ್ಟಗೆ ಕೂತರು. "ಅಯ್ಯೋ, ಇದು ಚೌಕಾಬಾರ ಅಲ್ವೇನೇ!"

ಪೇಪರ್ ನ್ಯಾಪ್ಕಿನ್ ಮೇಲೆ ಪೆನ್ನಲ್ಲಿ ಐದೈದು ಮನೆ ಗೀಚಿದರು. ಕಟ್ಟೆಗಳಿಗೆ ಅಡ್ಡಡ್ಡ ಎರಡು ಗೆರೆ. ತಿನ್ನುತ್ತಿದ್ದ ಕಡಲೆಕಾಯಿಯಲ್ಲಿ ನಾಲ್ಕನ್ನು ಕಾಯಿ ಮಾಡಿಕೊಂಡರು. "ನೋಡು, ಬೇಸ್ ಅಂದ್ರೆ ಕಟ್ಟೆ. ಕಟ್ಟೇಲಿ ಕೂತ ಕಾಯಿನ ಯಾರೂ ಹೊಡೆಯೋ ಹಾಗಿಲ್ಲ. ಸುತ್ತು ಮುಗಿಸಿ ಒಳಗೆ ಬಂದ್ರೆ ಹಣ್ಣು." ಆಟಗಾರರು ಓಡುವುದೂ ಗಡಿಯಾರದ ಮುಳ್ಳಿಗೆ ಎದುರಾಗಿ, ನಮ್ಮ ಚೌಕಾಬಾರದ ಹೊರಸುತ್ತಿನ ಹಾಗೇ. ಇಷ್ಟು ವರ್ಷ ಬೇಸ್‌ಬಾಲ್ ನೋಡಿದ ನನಗೆ ಇದು ಹೊಳೆದೇ ಇರಲಿಲ್ಲ.

ಆಮೇಲೆ ನಮ್ಮ ಸಾಲಿನಲ್ಲಿ ಬೇರೆಯೇ ಕಾಮೆಂಟ್ರಿ. "ಕಾಯಿ ಮೂರನೇ ಕಟ್ಟೇಲಿದೆ ಅಜ್ಜಿ!" "ಹೊಡೆದ್ರು, ಹೊಡೆದ್ರು!" ಸ್ನೇಹಿತರ ಮಕ್ಕಳೂ ಸೇರಿಕೊಂಡರು. ಏಳನೇ ಇನ್ನಿಂಗ್ಸ್‌ನಲ್ಲಿ ರೂಢಿಯಂತೆ ಇಡೀ ಸ್ಟೇಡಿಯಂ ಎದ್ದು ಹಾಡುವಾಗ ಅಮ್ಮನೂ ನಿಂತು ಚಪ್ಪಾಳೆ ತಟ್ಟಿದರು.

ನನಗೆ ಅನಿಸಿದ್ದು ಇಷ್ಟು. "ಕನ್ನಡ ಮಾತಾಡು" ಅಂತ ನಾವು ಮಗಳಿಗೆ ದಿನಾ ಹೇಳುತ್ತಿದ್ದೆವು. ಆದರೆ ಅವಳಿಗೆ ಗೊತ್ತಿದ್ದು ಅಜ್ಜಿಗೆ ಗೊತ್ತಿಲ್ಲದ ವಿಷಯ ಒಂದೂ ಕೊಟ್ಟಿರಲಿಲ್ಲ. ಬರೀ ಊಟ ಆಯ್ತಾ, ನಿದ್ದೆ ಬಂತಾ ಅಂತ ಎಷ್ಟು ಮಾತಾಡೋಕೆ ಆಗುತ್ತೆ ಹೇಳಿ?

ಅಪ್ಪ ಅಮ್ಮ ಈಗ ಮೈಸೂರಿಗೆ ವಾಪಸ್ ಹೋಗಿದ್ದಾರೆ. ಆ ನ್ಯಾಪ್ಕಿನ್ ನಮ್ಮ ಫ್ರಿಜ್ ಮೇಲಿದೆ. ಶನಿವಾರ ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಮ್ಮನ ಮೊದಲ ಪ್ರಶ್ನೆ: "ಪುಟ್ಟಿ, ನಿಮ್ಮೋರದ್ದು ಈ ವಾರ ಎಷ್ಟು ಹಣ್ಣಾಯ್ತು?"