ಆರ್22: ಇಂಜಿನ್ ಓಡುತ್ತಿರುವಾಗಲೇ ಯಾಕೆ ಬೀಳುತ್ತೆ?

ಹೊಸರೆಕ್ಕೆ
ರಾಬಿನ್ಸನ್ ಆರ್22 ಎಂಬ ಎರಡು ಸೀಟಿನ ಹೆಲಿಕಾಪ್ಟರಿನಲ್ಲಿ ತರಬೇತಿ ಶುರುವಾಗುವುದರಲ್ಲಿದೆ. ಅಪಘಾತ ವರದಿಗಳನ್ನು ಓದುತ್ತಿದ್ದೇನೆ, ಎರಡು ವಿಷಯ ತಲೆಗೆ ಹತ್ತುತ್ತಿಲ್ಲ. ಇಂಜಿನ್ ನಿಂತರೂ, ಕೆಳಗಿನಿಂದ ಬರುವ ಗಾಳಿಯೇ ರೋಟರನ್ನು (ತಿರುಗುವ ರೆಕ್ಕೆಗಳನ್ನು) ಸುತ್ತಿಸುವ ಆಟೊರೊಟೇಶನ್‌ನಲ್ಲಿ ಇಳಿಸಬಹುದು ಅಂತಾರೆ. ಹಾಗಾದರೆ ಏನೂ ಕೆಡದ ಹೆಲಿಕಾಪ್ಟರ್‌ಗಳು ಬೀಳುವುದು ಹೇಗೆ? ಇನ್ನೊಂದು, ಲೋ-ಜಿ (ಹಾರುತ್ತಿರುವಾಗ ತೂಕ ಕಳೆದಂತಾಗುವ ಸ್ಥಿತಿ) ಬಗ್ಗೆ ಎಲ್ಲ ಕಡೆ ಎಚ್ಚರಿಕೆ ಇದೆ, ಆದರೆ ಹಾರಾಟದಲ್ಲಿ ಮಾಡಿ ತೋರಿಸುವಂತಿಲ್ಲವಂತೆ. ಮತ್ತೆ ಕಲಿಯೋದು ಹೇಗೆ? ಮೂರು ಬ್ಲೇಡಿನ ಕಬ್ರಿ ಜಿ2 ಎಂಬ ಇನ್ನೊಂದು ತರಬೇತಿ ಹೆಲಿಕಾಪ್ಟರಿಗೆ ಹೋದರೆ ಈ ತಲೆನೋವೇ ಇಲ್ಲ ಅನ್ನುವವರೂ ಇದ್ದಾರೆ. ತಿಳಿದವರು ಬಿಡಿಸಿ ಹೇಳಿ.

ಕಲೆಕ್ಟಿವ್_ಕೆಳಗೆ
ಮೊದಲ ಪ್ರಶ್ನೆಗೆ ಉತ್ತರ ರೋಟರ್ ಆರ್‌ಪಿಎಂನಲ್ಲಿದೆ. ಹೆಲಿಕಾಪ್ಟರನ್ನು ಎತ್ತಿ ಹಿಡಿಯುವುದು ರೋಟರಿನ ವೇಗ, ಇಂಜಿನ್ ಆ ವೇಗವನ್ನು ಉಳಿಸಿಕೊಡುತ್ತದೆ ಅಷ್ಟೆ. ಇಂಜಿನ್ ಭರ್ತಿ ಓಡುತ್ತಿದ್ದರೂ ಕಲೆಕ್ಟಿವ್ (ಎಲ್ಲ ಬ್ಲೇಡುಗಳ ಕೋನವನ್ನು ಒಟ್ಟಿಗೆ ಬದಲಿಸುವ ಹಿಡಿ) ಜಾಸ್ತಿ ಎಳೆದರೆ ಬ್ಲೇಡಿನ ಡ್ರ್ಯಾಗ್ (ಗಾಳಿಯ ತಡೆ) ಇಂಜಿನ್ನಿನ ಶಕ್ತಿಯನ್ನು ಮೀರುತ್ತದೆ, ಆರ್‌ಪಿಎಂ ಇಳಿಯುತ್ತದೆ. ಲಿಫ್ಟ್ (ಎತ್ತುವ ಬಲ) ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 10% ಆರ್‌ಪಿಎಂ ಹೋದರೆ ಲಿಫ್ಟಿನಲ್ಲಿ 19% ಹೋಯಿತು. ಇಂಜಿನ್ ರೋಟರಿಗೆ ಜೋಡಿಕೊಂಡೇ ಇರುವುದರಿಂದ ಅದೂ ನಿಧಾನವಾಗಿ, ಕೊಡುವ ಶಕ್ತಿಯೂ ಕಡಿಮೆಯಾಗುತ್ತದೆ. ಹೆಲಿಕಾಪ್ಟರ್ ಕುಸಿಯತೊಡಗುತ್ತದೆ, ಕುಸಿಯುತ್ತಿದೆ ಅಂತ ಕೈ ಇನ್ನಷ್ಟು ಎಳೆಯುತ್ತದೆ. ಇಡೀ ಅಪಘಾತ ಇಷ್ಟರಲ್ಲೇ ಇದೆ.

ಆರ್22ರಲ್ಲಿ ಇದು ಬೇಗ ಆಗಲು ಕಾರಣ ಹಗುರ ಬ್ಲೇಡು. 100% ಅಂದರೆ ನಿಮಿಷಕ್ಕೆ 510 ಸುತ್ತು, ಆದರೆ ಅದರಲ್ಲಿ ಕೂಡಿಟ್ಟ ಶಕ್ತಿ ಅಲ್ಪ. ಪವರ್ ಹೋದ ಮೇಲೆ ಕಲೆಕ್ಟಿವ್ ಇಳಿಸಲು ಒಂದು ಸೆಕೆಂಡಿನ ಆಸುಪಾಸು ಸಮಯ ಸಿಗುತ್ತದೆ. 97%ಗೆ ಹಾರ್ನ್ ಕೂಗುತ್ತದೆ. 80%, ಜೊತೆಗೆ ಪ್ರತಿ 1000 ಅಡಿ ಎತ್ತರಕ್ಕೆ 1%, ಈ ಮಟ್ಟದ ಕೆಳಗೆ ಹೋದರೆ ರೋಟರ್ ಸ್ಟಾಲ್ ಆಗಬಹುದು, ಅಂದರೆ ಬ್ಲೇಡುಗಳು ಎತ್ತುವ ಬಲವನ್ನೇ ಕಳೆದುಕೊಳ್ಳಬಹುದು. ಆಮೇಲೆ ಕಲೆಕ್ಟಿವ್ ಇಳಿಸಿದರೂ ಪ್ರಯೋಜನವಿಲ್ಲ: ಕೆಳಗಿನಿಂದ ನುಗ್ಗುವ ಗಾಳಿಯೇ ಆಂಗಲ್ ಆಫ್ ಅಟ್ಯಾಕನ್ನು (ಬ್ಲೇಡು ಗಾಳಿಗೆ ಎದುರಾಗುವ ಕೋನ) ಹೆಚ್ಚಿಸುತ್ತಾ ಸ್ಟಾಲನ್ನು ಉಳಿಸುತ್ತದೆ, ಬ್ಲೇಡು ಟೈಲ್ ಬೂಮನ್ನು (ಬಾಲದ ಕೊಳವೆ) ಕತ್ತರಿಸುವುದೂ ಉಂಟು.

ಹಾರ್ನ್ ಕೇಳಿಸಿದ ತಕ್ಷಣ ಥ್ರಾಟಲ್ ತಿರುವಿ ತೆರೆಯುವುದು, ಕಲೆಕ್ಟಿವ್ ಇಳಿಸುವುದು, ಎರಡೂ ಒಟ್ಟಿಗೆ. ಮುಂದಕ್ಕೆ ವೇಗವಿದ್ದರೆ ಸೈಕ್ಲಿಕ್ಕನ್ನು (ರೋಟರನ್ನು ಬೇಕಾದ ದಿಕ್ಕಿಗೆ ವಾಲಿಸುವ ಕೋಲು) ಮೆಲ್ಲಗೆ ಹಿಂದಕ್ಕೂ ತನ್ನಿ. ನೆಲ ಹತ್ತಿರವಿದ್ದಾಗ ಕಲೆಕ್ಟಿವ್ ಇಳಿಸಲು ಮನಸ್ಸು ಒಪ್ಪುವುದಿಲ್ಲ, ಅದಕ್ಕೇ ಇದನ್ನು ಇನ್‌ಸ್ಟ್ರಕ್ಟರ್ ಜೊತೆ ಬೇಜಾರು ಬರುವಷ್ಟು ಸಲ ಮಾಡಬೇಕು.

ರೋಟರ್ ವೇಗವನ್ನು ತಾನಾಗಿ ಕಾಯುವ ಗವರ್ನರ್ ಇದೆಯಲ್ಲ ಅಂತ ಕೇಳಬಹುದು. ಗಾಬರಿಯಲ್ಲಿ ಥ್ರಾಟಲ್ ಹಿಡಿಯನ್ನು ಬಿಗಿಯಾಗಿ ಹಿಡಿದರೆ ಗವರ್ನರಿಗೆ ಅದನ್ನು ತಿರುಗಿಸಲು ಆಗುವುದಿಲ್ಲ. ಹೊಸಬರ ಕೈ ನೋಡಿ, ಗೆಣ್ಣು ಬೆಳ್ಳಗಾಗಿರುತ್ತದೆ.

ಟೀಟರಿಂಗ್
ಲೋ-ಜಿ ವಿಷಯ ನಾನು ಹೇಳುತ್ತೇನೆ. ಸೈಕ್ಲಿಕ್ ಮುಂದಕ್ಕೆ ಒತ್ತಿ, ಆಸನದಿಂದ ದೇಹ ಹಗುರಾದಂತೆ ಅನ್ನಿಸಿದ ಕ್ಷಣ ರೋಟರ್ ಮೇಲಿನ ಭಾರ ಹೋಗಿದೆ ಎಂದರ್ಥ. ಎರಡು ಬ್ಲೇಡು ತಕ್ಕಡಿಯಂತೆ ಒಟ್ಟಿಗೆ ಆಡುವ ಟೀಟರಿಂಗ್ ರೋಟರಿನಲ್ಲಿ ಬಾಡಿಯನ್ನು ವಾಲಿಸುವುದು ರೋಟರ್ ಥ್ರಸ್ಟ್ (ರೋಟರಿನ ಎಳೆತ). ಅದೇ ಇಲ್ಲದಿದ್ದರೆ ಸೈಕ್ಲಿಕ್ ಆಡಿಸಿದಾಗ ಡಿಸ್ಕ್ (ತಿರುಗುವ ಬ್ಲೇಡುಗಳ ಚಕ್ರ) ಮಾತ್ರ ವಾಲುತ್ತದೆ, ಬಾಡಿ ಹಿಂಬಾಲಿಸುವುದಿಲ್ಲ. ಆದರೆ ಟೈಲ್ ರೋಟರ್ ತಳ್ಳುತ್ತಲೇ ಇರುತ್ತದೆ. ಅದು ಗುರುತ್ವ ಕೇಂದ್ರಕ್ಕಿಂತ ಮೇಲಿರುವುದರಿಂದ ಹೆಲಿಕಾಪ್ಟರ್ ಬಲಕ್ಕೆ ಉರುಳುತ್ತದೆ. ಬಲಕ್ಕೆ ಉರುಳಿತು ಅಂತ ಎಡಕ್ಕೆ ಸೈಕ್ಲಿಕ್ ಹೊಡೆದರೆ ಡಿಸ್ಕ್ ಎಡಕ್ಕೆ, ಬಾಡಿ ಬಲಕ್ಕೆ. ಹಬ್ (ಬ್ಲೇಡುಗಳು ಸೇರುವ ನಡುಭಾಗ) ಹೋಗಿ ಮಾಸ್ಟಿಗೆ (ರೋಟರನ್ನು ಹೊತ್ತ ಕಂಬ) ಬಡಿಯುತ್ತದೆ. ಅದೇ ಮಾಸ್ಟ್ ಬಂಪಿಂಗ್. ಮಾಸ್ಟ್ ಮುರಿಯಲು ಹೆಚ್ಚು ಹೊತ್ತು ಬೇಡ.

ಸರಿಯಾದ ಕ್ರಮ: ಮೊದಲು ಸೈಕ್ಲಿಕ್ಕನ್ನು ಮೆಲ್ಲಗೆ ಹಿಂದಕ್ಕೆ ತಂದು ರೋಟರಿಗೆ ಭಾರ ಬರಲಿ, ಉರುಳುವುದನ್ನು ಆಮೇಲೆ ಎಡಕ್ಕೆ ಸರಿಪಡಿಸಿ. ಮಾಡಿ ತೋರಿಸದಿರುವ ಕಾರಣ ಸರಳ. ಉರುಳು ಶುರುವಾದ ಮೇಲೆ ಕಲಿಯುವವನ ಕೈ ಎಡಕ್ಕೆ ಹೋದರೆ ಇನ್‌ಸ್ಟ್ರಕ್ಟರ್ ತಡೆಯುವಷ್ಟು ಸಮಯವಿಲ್ಲ. 1995ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಆರ್22, ಆರ್44ಗೆ ಪ್ರತ್ಯೇಕ ತರಬೇತಿ ನಿಯಮ ತಂದದ್ದೇ ಲೋ ಆರ್‌ಪಿಎಂ ಮತ್ತು ಇದರ ಸಲುವಾಗಿ. ಆರ್22ರಲ್ಲಿ ಸೋಲೊ ಹಾರುವ ಮೊದಲು ವಿದ್ಯಾರ್ಥಿಗೆ 20 ಗಂಟೆ ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆಗಿನ ಹಾರಾಟ) ಬೇಕೆಂದು ಅದರಲ್ಲೇ ಬಂತು. ನ್ಯೂಜಿಲೆಂಡಿನ ಅಪಘಾತ ತನಿಖಾ ಆಯೋಗ 2016ರಲ್ಲಿ ರಾಬಿನ್ಸನ್ ಮಾಸ್ಟ್ ಬಂಪಿಂಗನ್ನು ತನ್ನ ಕಳವಳ ಪಟ್ಟಿಗೆ ಸೇರಿಸಿತು.

ಇದಕ್ಕೆ ಮದ್ದೆಂದರೆ ಒಳಗೆ ಹೋಗದಿರುವುದೇ. ಗಾಳಿ ಕುಲುಕುತ್ತಿದ್ದರೆ ವೇಗವನ್ನು 60–70 ನಾಟ್‌ಗೆ ಇಳಿಸಿ. ಗುಡ್ಡ ದಾಟಿ ಇಳಿಯುವಾಗ ಸೈಕ್ಲಿಕ್ ಮುಂದೊತ್ತಬೇಡಿ, ಕಲೆಕ್ಟಿವ್ ಇಳಿಸಿ. ಆರ್22ರಲ್ಲಿ 50 ಗಂಟೆ, ಒಟ್ಟು ಹೆಲಿಕಾಪ್ಟರಿನಲ್ಲಿ 200 ಗಂಟೆ ಆಗದವರಿಗೆ ನೆಲಗಾಳಿ 25 ನಾಟ್ ಮೀರಿದರೆ ಅಥವಾ ಗಸ್ಟ್ (ಒಮ್ಮೆಗೇ ಜೋರಾಗುವ ಗಾಳಿ) ವ್ಯತ್ಯಾಸ 15 ನಾಟ್ ಮೀರಿದರೆ ಹಾರಾಟವೇ ನಿಷಿದ್ಧ. ಅದು ಕೈಪಿಡಿಯ ಲಿಮಿಟೇಶನ್, ಸಲಹೆ ಅಲ್ಲ.

ಹೊಸರೆಕ್ಕೆ
ಇಬ್ಬರಿಗೂ ಧನ್ಯವಾದ ಸರ್. ಅಂದರೆ ಏನೇ ಆದರೂ ಕಲೆಕ್ಟಿವ್ ಇಳಿಸು, ಸೈಕ್ಲಿಕ್ ಹಿಂದಕ್ಕೆ ಅಂತ ನೆನಪಿಟ್ಟುಕೊಂಡರೆ ಸಾಕಾ?

ಸ್ಕಿಡ್_ಮೇಲೆ
ಸಾಲದು, ಹಾಗೆ ನೆನಪಿಟ್ಟುಕೊಂಡರೆ ಹೋವರಿನಲ್ಲಿ (ಗಾಳಿಯಲ್ಲಿ ಒಂದೇ ಕಡೆ ನಿಂತಿರುವಾಗ) ಕೆಡುತ್ತದೆ. ಐದು ಅಡಿ ಹೋವರಿನಲ್ಲಿ ಇಂಜಿನ್ ನಿಂತರೆ ಕಲೆಕ್ಟಿವ್ ಇಳಿಸಲೇಬಾರದು. ಮೂಗು ಎಡಕ್ಕೆ ತಿರುಗುವುದನ್ನು ಬಲ ಪೆಡಲಿನಿಂದ ತಡೆದು, ಹೆಲಿಕಾಪ್ಟರನ್ನು ತಾನಾಗಿ ಕೂರಲು ಬಿಟ್ಟು, ಸ್ಕಿಡ್ (ಹೆಲಿಕಾಪ್ಟರ್ ಕೂರುವ ಉದ್ದನೆಯ ಕಾಲು) ನೆಲ ಮುಟ್ಟುವ ಮುಂಚೆ ಉಳಿದ ಕಲೆಕ್ಟಿವ್ ಎಳೆದು ಮೆತ್ತಗೆ ಇಳಿಸಬೇಕು. ಆರ್22ರ ಕೈಪಿಡಿ ಈ ಗೆರೆಯನ್ನು 8 ಅಡಿಗೆ ಎಳೆದಿದೆ. ಅದಕ್ಕಿಂತ ಮೇಲಿದ್ದರೆ ಕಲೆಕ್ಟಿವ್ ಕೆಳಗೆ. ಎತ್ತರ ಸಾಕಷ್ಟಿದ್ದರೆ 65 ನಾಟ್, ರೋಟರ್ 97ರಿಂದ 110%, ಸುಮಾರು 40 ಅಡಿಗೆ ಫ್ಲೇರ್ (ಮೂಗೆತ್ತಿ ವೇಗ ತಗ್ಗಿಸುವುದು), 8 ಅಡಿಗೆ ಸಮ. ಹೋವರಿನಲ್ಲಿ ಸೈಕ್ಲಿಕ್ ಹಿಂದಕ್ಕೆ ತಂದರೆ ಬಾಲ ನೆಲಕ್ಕೆ ಹತ್ತಿರವಾಗುತ್ತದೆಯೇ ಹೊರತು ಆರ್‌ಪಿಎಂ ಬರುವುದಿಲ್ಲ.

ಕಲಿಕೆಯಲ್ಲಿ ಹೆಲಿಕಾಪ್ಟರ್ ಹಾಳಾಗುವ ಇನ್ನೊಂದು ದಾರಿ ಡೈನಾಮಿಕ್ ರೋಲ್‌ಓವರ್. ಒಂದು ಸ್ಕಿಡ್ ಕೆಸರಿಗೋ, ಹುಲ್ಲಿಗೋ, ಕಟ್ಟಿದ ಹಗ್ಗಕ್ಕೋ ಸಿಕ್ಕಿರುವಾಗ ಕಲೆಕ್ಟಿವ್ ಎಳೆದರೆ ಆ ಸ್ಕಿಡ್ಡೇ ತಿರುಗಣಿಯಾಗುತ್ತದೆ. ವಾಲುವ ವೇಗ ಒಮ್ಮೆ ಹೆಚ್ಚಿದರೆ ಸೈಕ್ಲಿಕ್ ಪೂರ್ತಿ ಕೊಟ್ಟರೂ ನಿಲ್ಲದು. ಮೇಲೆಳೆದು ಬಿಡಿಸಿಕೊಳ್ಳುತ್ತೇನೆ ಅನ್ನುವುದೇ ತಪ್ಪು. ಕಲೆಕ್ಟಿವ್ ನಯವಾಗಿ ಇಳಿಸಿ ಕೂರಿಸಬೇಕು. ಸ್ಕಿಡ್ ಹಗುರಾಗುವ ಹಂತದಲ್ಲಿ ಒಂದು ಕ್ಷಣ ನಿಂತು, ಯಾವ ಕಡೆ ಜಾರಲು ನೋಡುತ್ತಿದೆ ಅಂತ ಗಮನಿಸಿ ಮೇಲೇಳಿ.

ಕಬ್ರಿಯ ಬಗ್ಗೆ: ಮೂರು ಬ್ಲೇಡೂ ತಮ್ಮ ತಮ್ಮ ಕೀಲಿನಲ್ಲಿ ಬೇರೆಯಾಗಿ ಆಡುವ ಆರ್ಟಿಕ್ಯುಲೇಟೆಡ್ ಹೆಡ್ ಆದ್ದರಿಂದ ಟೀಟರಿಂಗ್ ಹೆಡ್ಡಿನ ಆ ಮಾಸ್ಟ್ ಬಂಪಿಂಗ್ ಅಲ್ಲಿಲ್ಲ, ಸರಿ. ಆದರೆ ಅದರ ರೋಟರ್ ಮೇಲಿನಿಂದ ನೋಡಿದರೆ ಪ್ರದಕ್ಷಿಣವಾಗಿ ಸುತ್ತುತ್ತದೆ, ಬಾಲದಲ್ಲಿ ಫೆನೆಸ್ಟ್ರಾನ್ (ಬಾಲದೊಳಗೆ ಹುದುಗಿಸಿದ ಟೈಲ್ ರೋಟರ್). ನಿಧಾನ ವೇಗದಲ್ಲಿ ಮೂಗು ಎಡಕ್ಕೆ ಓಡಿದರೆ ಬಲ ಪೆಡಲನ್ನು ಕೊನೆಯವರೆಗೆ ಒತ್ತಿ ಹಿಡಿಯಬೇಕು. ಕೆಲಸ ಮಾಡುತ್ತಿಲ್ಲ ಅಂತ ಅರ್ಧದಲ್ಲಿ ಬಿಟ್ಟವರು ಸುತ್ತಿ ನೆಲಕ್ಕೆ ಬಿದ್ದಿದ್ದಾರೆ. ಮತ್ತೊಂದು ತರಬೇತಿ ಹೆಲಿಕಾಪ್ಟರ್ ಷ್ವೈಟ್ಜರ್ 300ರಲ್ಲಾದರೆ ಗ್ರೌಂಡ್ ರೆಸೊನೆನ್ಸ್ (ನೆಲದ ಮೇಲಿರುವಾಗಲೇ ಬೆಳೆಯುತ್ತಾ ಹೋಗುವ ಕುಲುಕಾಟ). ತಲೆನೋವು ಬದಲಾಗುತ್ತದೆ, ಹೋಗುವುದಿಲ್ಲ.

ಎಣ್ಣೆಕೈ
ಇಂಜಿನ್ ನಿಲ್ಲುವ ಮಾತು ಬಂದಾಗ ಕಾರ್ಬ್ ಐಸ್ (ಕಾರ್ಬ್ಯುರೇಟರಿನೊಳಗೆ ಕಟ್ಟುವ ಮಂಜುಗಡ್ಡೆ) ಯಾರೂ ಎತ್ತಲಿಲ್ಲ. ಆರ್22ರ ಇಂಜಿನನ್ನು ಬೇಕೆಂದೇ ಡಿರೇಟ್ ಮಾಡಿದ್ದಾರೆ, ಅಂದರೆ ಪೂರ್ತಿ ಶಕ್ತಿ ಬಳಸಲು ಬಿಡುವುದಿಲ್ಲ. ಬೀಟಾ 2 ಮಾದರಿಯ ಒ-360 ಇಂಜಿನ್ನಿಗೆ 180 ಎಚ್‌ಪಿ ಕೊಡುವ ತಾಕತ್ತಿದೆ, ಬಳಸಲು ಬಿಡುವುದು 131 ಎಚ್‌ಪಿ ಐದು ನಿಮಿಷ, ಆಮೇಲೆ 124. ಹಾಗಾಗಿ ಥ್ರಾಟಲ್ ಸದಾ ಅರೆ ಮುಚ್ಚಿಕೊಂಡಿರುತ್ತದೆ, ಐಸ್ ಕಟ್ಟಲು ಅದೇ ಜಾಗ. ತೇವ ಜಾಸ್ತಿಯಿದ್ದರೆ 20 ಡಿಗ್ರಿ ಹವೆಯಲ್ಲೂ ಕಟ್ಟುತ್ತದೆ. ಮೋಸ ಎಲ್ಲಿದೆ ಅಂದರೆ, ಐಸ್ ಕಟ್ಟಿದಷ್ಟೂ ಗವರ್ನರ್ ಥ್ರಾಟಲನ್ನು ಸದ್ದಿಲ್ಲದೆ ತೆರೆಯುತ್ತಾ ಹೋಗುತ್ತದೆ. ಆರ್‌ಪಿಎಂ ಸರಿ, ಮ್ಯಾನಿಫೋಲ್ಡ್ ಪ್ರೆಷರ್ (ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ) ಸರಿ. ಥ್ರಾಟಲ್ ಪೂರ್ತಿ ತೆರೆದ ಮೇಲೆ ಒಮ್ಮೆಗೇ ಗೊತ್ತಾಗುತ್ತದೆ. ಕಾರ್ಬ್ ಟೆಂಪ್ ಮುಳ್ಳು ಹಳದಿ ಪಟ್ಟಿಯ ಹೊರಗಿರುವಂತೆ ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ಹಿಡಿ) ಎಳೆಯಿರಿ. ಮ್ಯಾನಿಫೋಲ್ಡ್ ಪ್ರೆಷರ್ 18 ಇಂಚಿಗಿಂತ ಕೆಳಗಿದ್ದರೆ ಆ ಮುಳ್ಳು ನಂಬಿಕೆಗೆ ಯೋಗ್ಯವಲ್ಲ, ಐಸಿನ ಹವೆಯಿದ್ದರೆ ಇಳಿಯುವಾಗ ಹೀಟ್ ಪೂರ್ತಿ.

ಪ್ರೀಫ್ಲೈಟಿನಲ್ಲಿ (ಹಾರುವ ಮುಂಚಿನ ತಪಾಸಣೆ) ಬ್ಲೇಡಿನ ತುದಿ ಹತ್ತಿರದ ಕೆಳಮೈಯಲ್ಲಿ ಬೆರಳಾಡಿಸಿ. ಸ್ಕಿನ್ (ಹೊರ ಹಾಳೆ) ಮತ್ತು ಸ್ಪಾರ್ (ಬ್ಲೇಡಿನ ಮುಖ್ಯ ತೊಲೆ) ಅಂಟಿದ ಗೆರೆಯ ಮೇಲೆ ಪೇಂಟ್ ಸವೆದು ಬರಿ ಲೋಹ ಕಂಡರೆ ಹಾರಬೇಡಿ, ಮೆಕ್ಯಾನಿಕ್ ಕರೆಸಿ. ಅಂಟು ಬಿಟ್ಟಿದೆಯಾ ಅಂತ ಅವರು ನಾಣ್ಯದಿಂದ ತಟ್ಟಿ ನೋಡುತ್ತಾರೆ, ಬಿಟ್ಟಲ್ಲಿ ಸದ್ದು ಬೇರೆ ಬರುತ್ತದೆ. ಹಾರಾಟದಲ್ಲಿ ಕ್ಲಚ್ ಲೈಟ್ (ಇಂಜಿನ್ನನ್ನು ರೋಟರಿಗೆ ಜೋಡಿಸುವ ಬೆಲ್ಟ್ ಬಿಗಿಯಾಗುತ್ತಿರುವ ಸೂಚನೆ) ಹತ್ತಿ 10 ಸೆಕೆಂಡಿನಲ್ಲಿ ಆರದಿದ್ದರೆ ಕ್ಲಚ್ಚಿನ ಸರ್ಕ್ಯೂಟ್ ಬ್ರೇಕರ್ ಎಳೆದು ಸರಿಯಾದ ಜಾಗ ನೋಡಿ ಇಳಿಯಿರಿ. ಜೊತೆಗೆ ರಬ್ಬರ್ ಸುಟ್ಟ ವಾಸನೆಯೋ ಸದ್ದೋ ಬಂದರೆ ಬೆಲ್ಟ್ ಹೋಗುತ್ತಿದೆ ಅಂತ ತಿಳಿದು ಪವರ್ ತಗ್ಗಿಸಿ ತಕ್ಷಣ ಇಳಿಯಿರಿ, ಆಟೊರೊಟೇಶನ್‌ಗೆ ಕೈ ಸಿದ್ಧವಿರಲಿ.