ಹಾಳೆ ಲೋಟ ಅಂದರೆ ಕಾಗದದ್ದಾ, ಅಡಿಕೆಯದ್ದಾ? ಬೋರ್ಡಿಗೆ ಪದ ಬೇಕು, ನಾಳಿದ್ದಿಗೆ

ಸಂಪಾಜೆಯಿಂದ:

ಎಲ್ಲರಿಗೂ ನಮಸ್ಕಾರ. ತುಲಾ ಸಂಕ್ರಮಣಕ್ಕೆ ಭಾಗಮಂಡಲದಲ್ಲಿ ನಾವು ನಾಲ್ಕು ಮನೆಯವರು ಸೇರಿ ಬೆಲ್ಲದ ಕಾಫಿ ಅಂಗಡಿ ಇಡುತ್ತಿದ್ದೇವೆ. ಕಾಫಿ ನಮ್ಮ ತೋಟದ್ದು. ಲೋಟವೂ ನಮ್ಮದೇ. ತೋಟದಲ್ಲಿ ಬಿದ್ದ ಹಾಳೆಯನ್ನು ನೆನೆಸಿ, ಉಜ್ಜಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಅಂಟಿಲ್ಲ, ಬಣ್ಣವಿಲ್ಲ.

'ಹಾಳೆ ಲೋಟದಲ್ಲಿ ಕಾಫಿ' ಅಂತ ರಟ್ಟಿನ ಮೇಲೆ ಬರೆದು ಕಳೆದ ವಾರ ಮಡಿಕೇರಿಯಲ್ಲಿ ಒಂದು ದಿನ ಇಟ್ಟು ನೋಡಿದೆವು. ಬೆಂಗಳೂರಿನ ಒಬ್ಬರು ಓದಿ, "ಪೇಪರ್ ಕಪ್ ಅಂತ ಬರೆಯೋಕೆ ಏನು ಕಷ್ಟ?" ಅಂದರು. ನಮಗೆ ಹಾಳೆ ಅಂದರೆ ಅಡಿಕೆ ಮರದಿಂದ ಬೀಳುವುದು. ಅವರಿಗೆ ನೋಟ್‌ಬುಕ್ಕಿನಲ್ಲಿ ಹರಿಯುವುದು. ಪೇಪರ್ ಕಪ್ ಬೇಡ ಅಂತಲೇ ಅಲ್ವಾ ನಾವು ಇಷ್ಟು ಪಾಡು ಪಟ್ಟದ್ದು! ಅದರ ಒಳಮೈಗೆ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುತ್ತಾರೆ. ಅದರಲ್ಲಿ 15 ನಿಮಿಷ ಬಿಸಿ ನೀರಿಟ್ಟರೆ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಚೂರುಗಳು ಸಾವಿರಗಟ್ಟಲೆ ಬಿಡುತ್ತವೆ ಎಂದು ಖರಗ್‌ಪುರದ ಐಐಟಿಯವರು 2020ರಲ್ಲೇ ತೋರಿಸಿದ್ದಾರೆ.

ಇನ್ನೊಂದು. ಡಿಸ್ಪೋಸಬಲ್, ಸಸ್ಟೇನಬಲ್ ಎರಡಕ್ಕೂ ಕನ್ನಡ ಬೇಕು. ಮೊಬೈಲಿನಲ್ಲಿ ಹಾಕಿದರೆ 'ಸುಸ್ಥಿರ ವಿಲೇವಾರಿ ಕಪ್' ಅಂತ ಬಂತು. ನಮ್ಮಲ್ಲಿ ವಿಲೇವಾರಿ ಆಗುವುದು ಪಂಚಾಯಿತಿ ಕಸ, ಇಲ್ಲವೇ ತಾಲ್ಲೂಕು ಕಚೇರಿಯ ಕಡತ. ಪೇಂಟರ್ ನಾಳಿದ್ದು ಬೆಳಿಗ್ಗೆ ಬರುತ್ತಾನೆ. ಬೇಗ ಹೇಳಿ.

ಮೈಸೂರಿನಿಂದ:

ದೊನ್ನೆ. ಇರುವ ಪದ ಬಿಟ್ಟು ಹೊಸದು ಹುಡುಕುವ ಚಟ ಯಾಕೋ. ಸಂಸ್ಕೃತದ ದ್ರೋಣ, ಅಂದರೆ ಮರದ ಪಾತ್ರೆ. ದ್ರೋಣಾಚಾರ್ಯರು ಅದರಲ್ಲೇ ಹುಟ್ಟಿದ್ದು. ಹಿಂದಿಯಲ್ಲಿ ದೋನಾ, ನಮ್ಮಲ್ಲಿ ದೊನ್ನೆ.

ಡಿಸ್ಪೋಸಬಲ್‌ಗೆ ಪತ್ರಿಕೆಯವರ 'ಏಕಬಳಕೆ' ಮಾತ್ರ ದಯವಿಟ್ಟು ಬೇಡ. ಏಕ ಸಂಸ್ಕೃತ, ಬಳಕೆ ಕನ್ನಡ. ಶುದ್ಧ ಅರಿಸಮಾಸ. 13ನೇ ಶತಮಾನದಲ್ಲೇ ಕೇಶಿರಾಜ ಬೇಡವೆಂದದ್ದು.

ಸುಳ್ಯದಿಂದ:

ಮೇಷ್ಟ್ರೇ, ದೊನ್ನೆಗೆ ತಮಿಳಿನಲ್ಲಿ ತೊನ್ನೈ ಅಂತ ಇದೆ, ತೆಲುಗಿನಲ್ಲಿ ದೊನ್ನೆ ಅಂತಲೇ ಇದೆ. ಎಲೆ ಮಡಚಿ ಕಡ್ಡಿ ಚುಚ್ಚಲಿಕ್ಕೆ ನಮ್ಮವರಿಗೆ ದ್ರೋಣಾಚಾರ್ಯರೇ ಬರಬೇಕಿತ್ತಾ? ಕೇಶಿರಾಜ ಬಿರುದುಗಳಲ್ಲಿ ಅರಿಸಮಾಸಕ್ಕೆ ಜಾಗ ಬಿಟ್ಟಿದ್ದಾನೆ. ಲೋಟಕ್ಕೂ ಒಂದು ಬಿರುದು ಅಂತ ತಿಳ್ಕೊಳ್ಳಿ.

ಹಾಳೆಯನ್ನು ಮಾತ್ರ ಬಿಡಬೇಡಿ ಮಾರಾಯ್ರೇ. ಹಳೆಗನ್ನಡದಲ್ಲಿ ಅದು ಪಾಳೆ. ತುಳುವಿನಲ್ಲಿ ಈಗಲೂ ಪಾಳೆ, ಮಲಯಾಳದಲ್ಲಿ ಪಾಳ, ತಮಿಳಿನಲ್ಲಿ ಪಾಳೈ. ನಮ್ಮ ಅಜ್ಜಂದಿರು ತಲೆಗೆ ಇಡುತ್ತಿದ್ದ ಮುಟ್ಟಾಳೆಯಲ್ಲಿ ಇರುವುದೂ ಅದೇ. ಕಾಗದ ಬಂದದ್ದು ಆಮೇಲೆ. ತೆಳ್ಳಗೆ, ಅಗಲಕ್ಕೆ ಇರುವುದನ್ನು ಕಂಡು ಜನ ಅದನ್ನೂ ಹಾಳೆ ಅಂದರು. ಸಾಲ ಕೊಟ್ಟವನೇ ಈಗ ಹೆಸರು ಬದಲಿಸಿಕೊಳ್ಳಬೇಕಾ?

ಬೆಂಗಳೂರಿನಿಂದ:

ದೊನ್ನೆ ಅಂದರೆ ಇಲ್ಲಿ ಬಿರಿಯಾನಿ. ಕಾಫಿ ಯಾರೂ ಕೇಳಲ್ಲ.

ನನ್ನ ಸಲಹೆ 'ಕುಡಿಕೆ'. ಕುಡಿಯುವುದಕ್ಕೆ ಇರುವುದು ಕುಡಿಕೆ. ಎಷ್ಟು ಸಲೀಸು ನೋಡಿ. ಲೋಟ ಹಿಂದಿಯಿಂದ ಬಂದದ್ದು. ಕಪ್ ಇಂಗ್ಲಿಷ್, ಅದರ ಮೇಲೆ ಕಪ್ಪು ಬಣ್ಣದ ಗೊಂದಲ ಬೇರೆ. ಸುಸ್ಥಿರಕ್ಕೆ 'ಬಾಳಿಕೆಯ' ಅನ್ನಿ. 'ಬಾಳಿಕೆಯ ಕುಡಿಕೆ'. ಎಲ್ಲ ನಮ್ಮದೇ ಪದ.

ವಿರಾಜಪೇಟೆಯಿಂದ:

ತಪ್ಪು. ಕುಡಿಕೆಗೂ ಕುಡಿಯುವುದಕ್ಕೂ ಸಂಬಂಧ ಇಲ್ಲ. ಅದು ಕೊಡದ ಮನೆತನದ್ದು. ತಮಿಳಿನ ಕುಡುಕ್ಕೈ, ಮಲಯಾಳದ ಕುಡುಕ್ಕ ನೋಡಿ. ತೆಂಗಿನ ಚಿಪ್ಪು, ಸೋರೆ ಬುರುಡೆ, ಸಣ್ಣ ಮಡಕೆ, ಇವುಗಳ ಹೆಸರು. ಕುಡಿಕೆಯಲ್ಲಿ ದುಡ್ಡು ಹೂತಿಡುತ್ತಿದ್ದರು, ಅದನ್ನೂ ಕುಡಿಯುತ್ತಿದ್ದರಾ?

'ಬಾಳಿಕೆ' ಇನ್ನೂ ದೊಡ್ಡ ಎಡವಟ್ಟು. ಬಾಳಿಕೆ ಬರುವುದು ಚಪ್ಪಲಿ, ಕೊಡೆ. ಐದು ನಿಮಿಷ ಕೈಯಲ್ಲಿ ಇದ್ದು ಹೋಗುವ ಲೋಟಕ್ಕೆ ಬಾಳಿಕೆ ಎಲ್ಲಿಂದ? ಅದು ಬೇಗ ಹಾಳಾಗುತ್ತದೆ ಎಂಬುದೇ ಅದರ ಗುಣ. ಸುಸ್ಥಿರಕ್ಕೂ ಇದೇ ಮಾತು. 'ಮಣ್ಣಾಗುವ ಲೋಟ' ಅನ್ನಿ, ಮುಗಿಯಿತು.

ಮೈಸೂರಿನಿಂದ:

ಸತ್ತವರನ್ನು ಮಣ್ಣು ಮಾಡುತ್ತಾರೆ. ಕಾಫಿ ಕುಡಿಯುವಾಗ ಅದು ನೆನಪಾಗಬೇಕೆ?

ಸುಳ್ಯದಿಂದ:

'ಗೊಬ್ಬರವಾಗುವ ಲೋಟ' ಅಂತಲೂ ಬರೀಬಹುದು. ಸರದಿ ನಿಲ್ತಾರೆ ಜನ!

ಬೆಂಗಳೂರಿನಿಂದ:

ನಗುವುದು ಸುಲಭ. ಇದೇ ನಮ್ಮ ರೋಗ. ಪ್ರತಿ ಹೊಸ ವಸ್ತುವಿಗೂ ಒಂದೋ ಸಂಸ್ಕೃತ, ಇಲ್ಲ ಇಂಗ್ಲಿಷ್. ಕನ್ನಡದ ಬೇರಿನಿಂದ ಪದ ಕಟ್ಟಿದರೆ ಗೇಲಿ.

ವಿರಾಜಪೇಟೆಯಿಂದ:

ಕಾಫಿ ಅರಬ್ಬಿಯ ಕಹ್ವಾದಿಂದ ಹೊರಟು ತುರ್ಕಿ, ಡಚ್ಚು, ಇಂಗ್ಲಿಷು ಸುತ್ತಿ ಬಂದದ್ದು. ಕಾಗದ ಪರ್ಷಿಯಾದ್ದು. ಲೋಟ ಹಿಂದಿಯದ್ದು. ಬೋರ್ಡು, ಪೇಂಟರು ಯಾರದ್ದು ಅಂತ ಹೇಳಬೇಕಾಗಿಲ್ಲ. ಕೊಡಗಿನ ಯಾವ ತೋಟದಲ್ಲಾದರೂ ನಿಂತು ಕಾಫಿಯನ್ನು ಬೇರೆ ಹೆಸರಿನಿಂದ ಕರೆದು ನೋಡಿ. ಸುಮ್ನೆ ಹಟ.

ಮೈಸೂರಿನಿಂದ:

ಹಾಗಾದರೆ ಪೇಪರ್ ಕಪ್ ಅಂತಲೇ ಬರೆಯಲಿ, ಈ ಚರ್ಚೆ ಯಾಕೆ? ಅಂದ ಹಾಗೆ, ಅಡಿಕೆ ಹಾಳೆ ತಟ್ಟೆ ಬೇಡವೆಂದು 2025ರಲ್ಲಿ ಅಮೆರಿಕದವರು ತಡೆ ಹಾಕಿದ್ದಾರೆ. ಅದನ್ನೂ ಯೋಚಿಸಿ.

ಸುಳ್ಯದಿಂದ:

ಇದು ಪದದ ವಿಷಯ. ಅದು ಬೇರೆ ಕಡೆ.

ಸಂಪಾಜೆಯಿಂದ:

ಎಲ್ಲರಿಗೂ ಧನ್ಯವಾದ, ಜಗಳ ಆಡಿದವರಿಗೆ ಜಾಸ್ತಿ. ಪೇಂಟರ್ ಬಂದು ಜಗಲಿಯಲ್ಲಿ ಕೂತಿದ್ದಾನೆ.

ಒಂದು ವಿಷಯ ನಾನು ಮೊದಲೇ ಹೇಳಬೇಕಿತ್ತು. ನಮ್ಮದು ಲೋಟದ ಹಾಗೆ ಎತ್ತರ ಇಲ್ಲ. ಹಾಳೆಯನ್ನು ತಟ್ಟೆಯಷ್ಟು ಒತ್ತಿದರೆ ಕೇಳುತ್ತದೆ. ಆಳಕ್ಕೆ ಎಳೆದರೆ ಪಕ್ಕದಲ್ಲಿ ಬಿರಿಯುತ್ತದೆ. ಮೊದಲ ವಾರ ಅರ್ಧಕ್ಕರ್ಧ ಬಿರಿದೇ ಹೋದವು. ಕೊನೆಗೆ ಅಚ್ಚನ್ನೇ ಅಗಲ ಮಾಡಿಸಿದೆವು. ಈಗ ಅದು ಅಂಗೈ ಮೇಲೆ ಕೂರುತ್ತದೆ, ಎರಡೂ ಕೈಯಲ್ಲಿ ಹಿಡಿದು ಕುಡಿಯಬೇಕು. ಚಳಿಗೆ ಅದೇ ಹಿತ. ಅತ್ತೆ ಮೊದಲ ದಿನವೇ ಅದನ್ನು 'ಬಟ್ಟಲು' ಅಂದಿದ್ದರು. ನಾನು ಲೋಟ ಲೋಟ ಅಂತ ಕೂತಿದ್ದೆ.

ಹಾಳೆಯನ್ನು ಬಿಟ್ಟಿಲ್ಲ, ಸುಳ್ಯದಣ್ಣ. ಮುಂದೆ ಅಡಿಕೆ ಸೇರಿಸಿದೆ. "ಅಡಿಕೆ ಹಾಕಿದ ಕಾಫಿಯಾ?" ಅಂತ ಯಾರಾದರೂ ಕೇಳಿದರೆ ಬಟ್ಟಲು ತೋರಿಸುತ್ತೇವೆ. ಡಿಸ್ಪೋಸಬಲ್, ಸಸ್ಟೇನಬಲ್ ಎರಡನ್ನೂ ಕೈಬಿಟ್ಟೆ. ಹೆಸರಿಗೆ ಗುಣ ಅಂಟಿಸುವ ಬದಲು ಕೆಳಗೆ ಏನು ಮಾಡಬೇಕೆಂದೇ ಬರೆಸಿದ್ದೇನೆ:

ಅಡಿಕೆ ಹಾಳೆ ಬಟ್ಟಲಲ್ಲಿ ಬೆಲ್ಲದ ಕಾಫಿ
ಕುಡಿದಾದ ಮೇಲೆ ಬುಟ್ಟಿಗೆ ಹಾಕಿ, ಗಿಡದ ಬುಡಕ್ಕೆ ಹೋಗುತ್ತದೆ

ಮೈಸೂರಿನಿಂದ:

'ಹಾಳೆಬಟ್ಟಲು' ಸಮಾಸ. ಒಂದೇ ಪದವಾಗಿ ಬರೆಯಬೇಕು, ನಡುವೆ ಜಾಗ ಬಿಡುವಂತಿಲ್ಲ. ತಿದ್ದಿಸಿ.

ಸಂಪಾಜೆಯಿಂದ:

ಬಣ್ಣ ಒಣಗಿತು ಸಾರ್. ಭಾಗಮಂಡಲಕ್ಕೆ ಬನ್ನಿ, ಕಾಫಿ ಕುಡಿದು ಬೈಯಿರಿ.